ಆರ್ತರಕ್ಷಣೆಯೂ ಗೃಹಸ್ಥನೂ

ಊರ ಮುಂದಿನ ಗುಡಿಯ ಬಳಿಯಲ್ಲಿಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ವೀರಗಲ್ಲುಗಳನ್ನು ಕಾಣದ ಕನ್ನಡಿಗರು ವಿರಳ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಶಿವಲಿಂಗದ ಸಾನ್ನಿಧ್ಯದಲ್ಲಿ ಅವನು ಕುಳಿತಿರುವ ಚಿತ್ರ. ಇದು ಅವುಗಳ ಸಾಮಾನ್ಯವಾದ ಕ್ರಮ. ಅವುಗಳ ಮೇಲಣ ಶಾಸನಗಳನ್ನು ಓದಿದರೆ, ಆ ವೀರರೆಲ್ಲರೂ ಅರಸರ ದಂಡಿನಲ್ಲಿ ಸೇರಿ ಮಡಿದವರಲ್ಲವೆಂಬುದು ತಿಳಿದುಬರುತ್ತದೆ. ಕೆಲವರು ತುರುಗೋಳಿನಲ್ಲಿ, ಎಂದರೆ ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಮರಳಿ ತರುವ ಕಾಳಗದಲ್ಲಿ ಬಿದ್ದವರು. ಕೆಲವರು ಪೆಣ್ಬುಯ್ಯಲಿನಲ್ಲಿ, ಎಂದರೆ ಸೆರೆಸಿಕ್ಕಿದ ಹೆಣ್ಣುಮಕ್ಕಳ ಮೊರೆಯನ್ನು ಕೇಳಿ ಕೈಯಲ್ಲಿದ್ದ ಆಯುಧದೊಡನೆ ಓಡಿಬಂದು ಪ್ರಾಣ ಕೊಟ್ಟವರು. ಸಾಧಾರಣ ಒಕ್ಕಲಿಗನೊಬ್ಬನ ಅಂಥ ಕಾರ್ಯವನ್ನು ನಮ್ಮ ಪೂರ್ವಿಕರು ಕಲ್ಲಿನಲ್ಲಿ ಕಡೆದು ಊರ ಕಣ್ಣೆದುರಿಗೆ ನಿಲ್ಲಿಸಿದರು.

ಆದರೆ ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಆ ವೀರರಲ್ಲಿ ಬಹುಮಂದಿ ತಮ್ಮ ಊರಿನವರಿಗಾಗಿ ಹೋರಾಡಿದವರು. ದನ ಯಾರದೆಂದು ಅವರಿಗೆ ಗೊತ್ತಿತ್ತು; ಮೊರೆಯಿಡುವ ದನಿ ಯಾರ ಮನೆಯ ಮಗಳದೆಂದು ಗೊತ್ತಿತ್ತು; ಬಂದವರು ವೈರಿಗಳೆಂಬುದರಲ್ಲಿ ಸಂದೇಹವಿರಲಿಲ್ಲ. ಇಂದಿನ ಗೃಹಸ್ಥನ ಸ್ಥಿತಿ ಬೇರೆ. ಸಂತೆಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ, ರೈಲಿನ ಡಬ್ಬಿಯಲ್ಲಿ ಅವನು ದಿನವೂ ನೂರಾರು ಅಪರಿಚಿತರ ನಡುವೆ ಓಡಾಡುತ್ತಾನೆ. ಒಂದು ಕೈಯಲ್ಲಿ ಕಾಯಿಪಲ್ಲೆಯ ಚೀಲ, ಇನ್ನೊಂದು ಕೈಯಲ್ಲಿ ಮಗುವಿನ ಕೈ. ಎದುರಿಗೆ ನಾಲ್ವರು ಸೇರಿ ಒಬ್ಬನನ್ನು ಬಡಿಯುತ್ತಿದ್ದಾರೆ. ಬಡಿಸಿಕೊಳ್ಳುವವನಾರೋ, ಬಡಿಯುವವರಾರೋ, ಕಾರಣವೇನೋ ತಿಳಿಯದು. ಆಗ ಅವನು ಮಾಡಬೇಕಾದುದೇನು? ಶರಣರ ಮಾರ್ಗವನ್ನು ನಂಬಿದವನಿಗೆ ಇದಕ್ಕೆ ಉತ್ತರ ಬೇಕು. ದಯೆ ಇಲ್ಲದ ಧರ್ಮವೇ ಇಲ್ಲವೆಂದು ಬಸವಣ್ಣನವರು ಸಾರಿದ್ದಾರೆ; ಆ ದಯೆ ಸಕಲ ಪ್ರಾಣಿಗಳಲ್ಲಿ ಇರಬೇಕೆಂದು ಹೇಳಿದ್ದಾರೆಯೇ ಹೊರತು ಪರಿಚಿತರಲ್ಲಿ ಮಾತ್ರ ಇರಲಿ ಎಂದು ಹೇಳಿಲ್ಲ.

ಮೊದಲು ಗೃಹಸ್ಥನ ಪಕ್ಷದ ಮಾತನ್ನು ಕೇಳೋಣ. ಅವನು ಹೇಳುತ್ತಾನೆ: ನನ್ನ ದೇಹ ನನ್ನೊಬ್ಬನದಲ್ಲ. ಇದನ್ನು ನೆಚ್ಚಿ ಮುಪ್ಪಿನ ತಾಯಿ ಇದ್ದಾಳೆ, ಮಡದಿ ಇದ್ದಾಳೆ, ಓದುವ ಮಕ್ಕಳಿದ್ದಾರೆ. ಹೆಸರು ತಿಳಿಯದವನೊಬ್ಬನಿಗಾಗಿ ನಾನು ಚೂರಿಗೆ ಎದೆಯೊಡ್ಡಿದರೆ, ಇವರೆಲ್ಲರ ಬಾಳನ್ನು ಇವರನ್ನು ಕೇಳದೆಯೇ ಪಣವಾಗಿ ಒಡ್ಡಿದಂತಾಗುವುದಿಲ್ಲವೇ? ಈ ಮಾತನ್ನು ಹೇಡಿತನವೆಂದು ಒಂದೇ ಉಸಿರಿನಲ್ಲಿ ತಳ್ಳಿಹಾಕುವವರು ಎಂದೂ ಮನೆ ನಡೆಸಿದವರಲ್ಲ. ಅಪಾಯವು ಕಲ್ಪನೆಯೂ ಅಲ್ಲ. 2011ರ ಅಕ್ಟೋಬರಿನಲ್ಲಿ ಮುಂಬಯಿಯ ಅಂಧೇರಿಯಲ್ಲಿ, ತಮ್ಮ ಜೊತೆಯ ಹೆಣ್ಣುಮಕ್ಕಳನ್ನು ಕೆಣಕಿದವರನ್ನು ಇಬ್ಬರು ತರುಣರು ತಡೆದರು. ಕೆಣಕಿದವನು ತನ್ನ ಗುಂಪನ್ನು ಕಟ್ಟಿಕೊಂಡು ಆಯುಧಗಳೊಡನೆ ಹಿಂದಿರುಗಿ ಬಂದನು. ಒಬ್ಬ ತರುಣನು ಅಂದೇ ಮಡಿದನು. ಇನ್ನೊಬ್ಬನು ಕೆಲವು ದಿನಗಳ ಅನಂತರ ಆಸ್ಪತ್ರೆಯಲ್ಲಿ ಅಸುನೀಗಿದನು. ಸುತ್ತಲೂ ಜನರಿದ್ದ ಬೀದಿಯಲ್ಲಿ ಇದು ನಡೆಯಿತು. 2016ರಲ್ಲಿ ನಾಲ್ವರಿಗೆ ಆಜೀವ ಕಾರಾವಾಸದ ಶಿಕ್ಷೆಯಾಯಿತು. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಅದರಿಂದ ಮಕ್ಕಳು ಮರಳಲಿಲ್ಲ. ಆದುದರಿಂದ ಗೃಹಸ್ಥನ ಭಯವನ್ನು ನಾವು ಗೌರವಿಸಬೇಕು.

ಆದರೆ ಅವನ ಇನ್ನೊಂದು ಸಂದೇಹವು ಇದಕ್ಕಿಂತ ಗಹನವಾದುದು. ನಿಜಸ್ಥಿತಿ ತಿಳಿಯದೆ ನಾನು ಯಾರ ಪಕ್ಷ ವಹಿಸಲಿ ಎಂಬುದು ಆ ಸಂದೇಹ. ಬೀದಿಯಲ್ಲಿ ಬಿದ್ದವನು ಕಳ್ಳನಿರಬಹುದು. ಬಡಿಯುವವರು ಕಳವಿಗೆ ಗುರಿಯಾದವರಿರಬಹುದು. ತಿಳಿಯದೆ ಕೈಹಾಕಿದರೆ ಧರ್ಮವೆಂದು ಅಧರ್ಮಕ್ಕೆ ನೆರವಾದಂತೆ ಆಗಬಹುದಲ್ಲವೇ?

ಈ ಸಂದೇಹಕ್ಕೆ ಎಷ್ಟು ಆಧಾರವಿದೆಯೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕಲ್ಯಾಣವು ಯಾವ ಜಿಲ್ಲೆಯಲ್ಲಿದೆಯೋ ಅದೇ ಬೀದರ ಜಿಲ್ಲೆಯಲ್ಲಿ, ಔರಾದ ಸೀಮೆಯ ಮುರ್ಕಿ ಎಂಬ ಹಳ್ಳಿಯಲ್ಲಿ 2018ರ ಜುಲೈ 13ರಂದು ನಡೆದುದನ್ನು ವಾಚಕರಲ್ಲಿ ಹಲವರು ಬಲ್ಲರು. ಹೈದರಾಬಾದಿನಿಂದ ಕೆಲವರು ಮಿತ್ರರು ಮೋಟಾರಿನಲ್ಲಿ ಬಂದಿದ್ದರು. ಅವರಲ್ಲೊಬ್ಬನು ಆ ಭಾಗದ ಹಂದಿಕೇರಿ ಗ್ರಾಮದ ಸಂಬಂಧವುಳ್ಳವನೇ. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು, ತಾವು ತಂದಿದ್ದ ಚಾಕೊಲೇಟುಗಳನ್ನು ಪ್ರೀತಿಯಿಂದ ಕೊಟ್ಟರು. ಮಕ್ಕಳನ್ನು ಕದಿಯುವವರು ಊರೂರು ಅಲೆಯುತ್ತಿದ್ದಾರೆಂಬ ಸುಳ್ಳು ಸುದ್ದಿ ಆ ದಿನಗಳಲ್ಲಿ ವಾಟ್ಸಾಪಿನ ಮೂಲಕ ದೇಶದ ತುಂಬ ಹರಡಿತ್ತು. ಜನರು ಸಂಶಯಪಟ್ಟರು. ಇವರು ಹೆದರಿ ಮೋಟಾರನ್ನು ಓಡಿಸಿದರು; ಓಡಿದುದೇ ಅಪರಾಧಕ್ಕೆ ಸಾಕ್ಷಿಯಾಯಿತು. ಸುದ್ದಿ ಅವರಿಗಿಂತ ಮುಂಚೆ ಮುರ್ಕಿಯನ್ನು ಮುಟ್ಟಿತು. ಅಲ್ಲಿ ಮೋಟಾರು ಉರುಳಿತು, ಗುಂಪು ಮುತ್ತಿತು, ಒಬ್ಬ ತರುಣ ಇಂಜಿನಿಯರನು ಬಡಿತದಿಂದ ಪ್ರಾಣಬಿಟ್ಟನು, ಉಳಿದವರು ತೀವ್ರವಾಗಿ ಗಾಯಗೊಂಡರು. ಬಿಡಿಸಲು ಹೋದ ಪೋಲೀಸರಿಗೂ ಪೆಟ್ಟು ಬಿದ್ದಿತು.

ಈ ಘಟನೆಯನ್ನು ಕುರಿತು ವಿಚಾರ ಮಾಡುವಾಗ ಒಂದು ಅಂಶವು ಮನಸ್ಸನ್ನು ಕಲಕುತ್ತದೆ. ಆ ಗುಂಪಿನಲ್ಲಿ ಕೈಯೆತ್ತಿದವರಲ್ಲಿ ಅನೇಕರು, ತಾವು ದುಷ್ಟರ ಕೈಯಿಂದ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದಿರಬೇಕು. ಅಪರಿಚಿತರ ಮಕ್ಕಳಿಗಾಗಿ ಮನೆಬಿಟ್ಟು ಓಡಿಬಂದವರು ಅವರು. ನಮ್ಮ ಪ್ರಶ್ನೆಗೆ ‘ನಡುವೆ ಹೋಗಲೇಬೇಕು’ ಎಂದು ಅವರು ಉತ್ತರ ಕೊಟ್ಟಿದ್ದರು! ಮೊರೆ ಕೇಳಿದೊಡನೆ ಓಡುವುದೇ ಧರ್ಮವೆಂದು ಬರಿದೆ ಉಪದೇಶಿಸಿದರೆ ಅದು ಎಲ್ಲಿಗೆ ಮುಟ್ಟೀತೆಂಬುದಕ್ಕೆ ಮುರ್ಕಿಯೇ ನಿದರ್ಶನ.

ಹಾಗಾದರೆ ತಿಳಿಯುವವರೆಗೆ ಸುಮ್ಮನೆ ನಿಲ್ಲಬೇಕೇ? ಇಲ್ಲಿಯೇ ವಿವೇಕವು ಬೇಕು. ಬಡಿಯುವುದಕ್ಕೂ ಅಡ್ಡ ನಿಲ್ಲುವುದಕ್ಕೂ ಇರುವ ಭೇದವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಒಬ್ಬನನ್ನು ಬಡಿಯಬೇಕಾದರೆ ಅವನು ಅಪರಾಧಿಯೆಂದು ನಾನು ಮೊದಲು ನಿರ್ಣಯಿಸಬೇಕು; ಆ ನಿರ್ಣಯವು ತಪ್ಪಿದರೆ ನಾನು ಘಾತುಕನಾಗುತ್ತೇನೆ. ಬಡಿಯುವವನಿಗೂ ಬಿದ್ದವನಿಗೂ ನಡುವೆ ನಿಲ್ಲಬೇಕಾದರೆ ಅಂಥ ನಿರ್ಣಯದ ಆವಶ್ಯಕತೆಯಿಲ್ಲ. ಬಿದ್ದವನು ನಿರಪರಾಧಿಯಾದರೆ ಅವನು ಉಳಿದನು. ಕಳ್ಳನೇ ಆದರೂ ಕೆಟ್ಟದ್ದೇನು? ಅವನನ್ನು ಪೋಲೀಸರಿಗೆ ಒಪ್ಪಿಸಿದರಾಯಿತು, ನ್ಯಾಯವು ನ್ಯಾಯದ ಸ್ಥಾನದಲ್ಲಿ ಆಗುತ್ತದೆ. ನೆಲಕ್ಕೆ ಬಿದ್ದವನ ಕುಲ, ಊರು, ನಡತೆಗಳನ್ನು ವಿಚಾರಿಸಿ ಅನಂತರ ರಕ್ಷಿಸುತ್ತೇನೆಂಬುದು ದಯೆಯ ರೀತಿಯಲ್ಲ. ಅವನ ತಲೆಯ ಮೇಲೆ ಕಲ್ಲು ಎತ್ತಿರುವಾಗ ಆ ವಿಚಾರಣೆಗೆ ವೇಳೆಯೂ ಇರುವುದಿಲ್ಲ. ಮುರ್ಕಿಯಲ್ಲಿ ಸುದ್ದಿಯು ಸತ್ಯವೋ ಮಿಥ್ಯೆಯೋ ತಿಳಿಯದಿದ್ದ ಹತ್ತು ಜನರು, ‘ಇವರು ಯಾರಾದರೂ ಇರಲಿ, ಫೌಜದಾರರು ಬರುವವರೆಗೆ ಯಾರೂ ಮುಟ್ಟಬೇಡಿರಿ’ ಎಂದು ಆ ಮೋಟಾರನ್ನು ಸುತ್ತುಗಟ್ಟಿ ನಿಂತಿದ್ದರೆ, ಅವರಿಗೆ ಏನೂ ತಿಳಿಯದಿದ್ದರೂ ಅವರಿಂದ ತಪ್ಪು ನಡೆಯುತ್ತಿರಲಿಲ್ಲ.

ಅಡ್ಡ ನಿಲ್ಲುವುದೆಂದರೇನು ಎಂಬುದಕ್ಕೆ ಮಹಾತ್ಮಾ ಗಾಂಧಿಯವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯೋಗ್ಯ. 1897ರ ಜನವರಿ 13. ಗಾಂಧಿಯವರು ಹಿಂದುಸ್ಥಾನದಿಂದ ಮಡದಿಮಕ್ಕಳೊಡನೆ ದಕ್ಷಿಣ ಆಫ್ರಿಕೆಗೆ ಮರಳಿ ಬಂದು, ಹಡಗಿನಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ದಿನ ತಡೆಯಲ್ಪಟ್ಟು, ಅಂದು ಡರ್ಬನ್ ಬಂದರಿನಲ್ಲಿ ಇಳಿದರು. ಅಲ್ಲಿಯ ಬಿಳಿಯರು ಅವರ ಮೇಲೆ ಕುದಿಯುತ್ತಿದ್ದರು. ಕುಟುಂಬವನ್ನು ಗಾಡಿಯಲ್ಲಿ ಮುಂದೆ ಪಾರ್ಸಿ ಮಿತ್ರರಾದ ರುಸ್ತುಮಜಿಯವರ ಮನೆಗೆ ಕಳುಹಿಸಿ, ಗಾಂಧಿಯವರು ಲಾಟನ್ ಎಂಬ ವಕೀಲರೊಡನೆ ಕಾಲ್ನಡಿಗೆಯಲ್ಲಿ ಹೊರಟರು. ಹುಡುಗರು ಗುರುತಿಸಿ ಹೆಸರು ಹಿಡಿದು ಕೂಗಿದರು, ಗುಂಪು ಬೆಳೆಯಿತು, ಲಾಟನ್ನರನ್ನು ಬೇರೆಗೆ ಎಳೆದುಬಿಟ್ಟರು. ಆಮೇಲೆ ಕಲ್ಲು, ಇಟ್ಟಿಗೆಯ ತುಂಡು, ಕೊಳೆತ ಮೊಟ್ಟೆಗಳ ಮಳೆ. ಒಬ್ಬನು ಮುಂಡಾಸವನ್ನು ಕಿತ್ತನು, ಉಳಿದವರು ಒದೆಯತೊಡಗಿದರು. ಗಾಂಧಿಯವರು ಮೂರ್ಛೆ ಬಂದಂತಾಗಿ ಒಂದು ಮನೆಯ ಮುಂದಿನ ಕಬ್ಬಿಣದ ಕಟಾಂಜನವನ್ನು ಹಿಡಿದು ನಿಂತರು.

ಆಗ ಆ ದಾರಿಯಲ್ಲಿ ಬಂದವಳು ಪೋಲೀಸ್ ಸುಪರಿಂಟೆಂಡೆಂಟರಾದ ಅಲೆಕ್ಸಾಂಡರರ ಪತ್ನಿ. ಅವಳಿಗೆ ಗಾಂಧಿಯವರ ಪರಿಚಯವಿತ್ತು. ಆ ಹೊತ್ತಿನಲ್ಲಿ ಬಿಸಿಲಿರಲಿಲ್ಲ. ಆದರೂ ಆಕೆ ತನ್ನ ಕೊಡೆಯನ್ನು ಬಿಚ್ಚಿ ಗುಂಪಿಗೂ ಗಾಂಧಿಯವರಿಗೂ ನಡುವೆ ಬಂದು ನಿಂತಳು. ಅಷ್ಟೆ. ಆಕೆಯನ್ನು ತಗಲದೆ ಅವರನ್ನು ಹೊಡೆಯುವುದು ಗುಂಪಿಗೆ ಕಷ್ಟವಾಯಿತು. ಅಷ್ಟರಲ್ಲಿ, ನಡೆದುದನ್ನು ಕಂಡಿದ್ದ ಹಿಂದುಸ್ಥಾನಿ ಹುಡುಗನೊಬ್ಬನು ಪೋಲೀಸ್ ಠಾಣೆಗೆ ಓಡಿಹೋಗಿದ್ದನು. ಜನ ಬಂದರು, ಗಾಂಧಿಯವರು ರುಸ್ತುಮಜಿಯವರ ಮನೆಯನ್ನು ಸೇರಿದರು. ಕತ್ತಲಾದ ಮೇಲೆ ಗುಂಪು ಆ ಮನೆಯನ್ನೂ ಮುತ್ತಿತು. ಅಲೆಕ್ಸಾಂಡರರು ಬಾಗಿಲಲ್ಲಿ ನಿಂತು, ಗಾಂಧಿಯವರನ್ನು ಗಲ್ಲಿಗೇರಿಸೋಣವೆಂಬ ಅರ್ಥದ ಒಂದು ಹಾಸ್ಯದ ಹಾಡನ್ನು ಗುಂಪಿನಿಂದ ಹಾಡಿಸುತ್ತ ಅವರ ರೋಷವನ್ನು ನಗೆಗೆ ತಿರುಗಿಸಿದರು; ಅದೇ ವೇಳೆಗೆ ಗಾಂಧಿಯವರನ್ನು ಹಿಂದುಸ್ಥಾನಿ ಪೋಲೀಸಿನವನ ವೇಷದಲ್ಲಿ ಹೊರಗೆ ಸಾಗಿಸಿಬಿಟ್ಟರು. ತಲೆಗೆ ಪೆಟ್ಟು ಬೀಳದಂತೆ ತಟ್ಟೆಯೊಂದರ ಮೇಲೆ ಮದರಾಸೀ ವಸ್ತ್ರವನ್ನು ಸುತ್ತಿ ಮುಂಡಾಸ ಮಾಡಿದ್ದರಂತೆ.

ಈ ಕಥೆಯಲ್ಲಿ ಗಾಂಧಿಯವರನ್ನು ಉಳಿಸಿದವರು ಎಷ್ಟು ಮಂದಿ, ಅವರು ಮಾಡಿದ ಕೆಲಸಗಳು ಎಷ್ಟು ಬಗೆ ಎಂಬುದನ್ನು ನೋಡಿರಿ. ಒಬ್ಬ ಹೆಂಗಸು ಕೊಡೆ ಹಿಡಿದಳು, ಒಬ್ಬ ಹುಡುಗ ಓಡಿದನು, ಒಬ್ಬ ಅಧಿಕಾರಿ ಹಾಡಿಸಿದನು, ಒಬ್ಬ ವ್ಯಾಪಾರಿ ಬಾಗಿಲು ತೆರೆದನು. ಒಬ್ಬರೂ ಯಾರಿಗೂ ಒಂದು ಪೆಟ್ಟನ್ನು ಕೊಡಲಿಲ್ಲ. ಹುಡುಗನು ತಾನೂ ಗುಂಪಿನೊಳಗೆ ನುಗ್ಗಿದ್ದರೆ ಇನ್ನೊಂದು ಮೈ ನೆಲಕ್ಕೆ ಬೀಳುತ್ತಿತ್ತು. ಅವನ ಬಲ ಅವನ ಕಾಲಿನಲ್ಲಿತ್ತು, ಅದನ್ನು ಅವನು ಬಳಸಿದನು. ಆಕೆಯ ಬಲ ಆಕೆಯ ಬಣ್ಣದಲ್ಲಿ, ಹೆಣ್ಣುತನದಲ್ಲಿ, ಪತಿಯ ಹುದ್ದೆಯಲ್ಲಿತ್ತು. ಅದೇ ಗುಂಪು ಅದೇ ಬೀದಿಯಲ್ಲಿ ಹಿಂದುಸ್ಥಾನಿ ಹೆಂಗಸೊಬ್ಬಳು ಕೊಡೆ ಹಿಡಿದಿದ್ದರೆ ಸುಮ್ಮನಿರುತ್ತಿತ್ತೆಂದು ನಂಬುವುದು ಕಷ್ಟ. ತನಗೆ ದೊರೆತ ರಕ್ಷೆಯನ್ನು ಆಕೆ ಕೊಡೆಯೊಡನೆ ಇನ್ನೊಬ್ಬನ ಮೇಲೂ ಹರಡಿದಳು. ನಮ್ಮ ಶರಣರು ದಾಸೋಹವೆಂದುದರ ಅರ್ಥವನ್ನು ಅನ್ನಕ್ಕೆ ಮಾತ್ರ ಸೀಮಿತಗೊಳಿಸಬೇಕಾಗಿಲ್ಲ. ಊರಿನಲ್ಲಿ ಮಾತು ನಡೆಯುವ ಹಿರಿಯ, ಜನ ಅಂಜುವ ಪಟೇಲನ ಮನೆಯವನು, ಶಾಲೆಯ ಮಾಸ್ತರ, ಮಠದ ಅಯ್ಯನವರು, ಇಂಥವರು ತಮ್ಮ ಮೇಲೆ ಜನರಿಟ್ಟ ಗೌರವವನ್ನು ಯಾವ ದಿನಕ್ಕೆಂದು ಕೂಡಿಡಬೇಕು?

ಇಲ್ಲಿ ಭಕ್ತರೊಬ್ಬರು ಕೇಳಬಹುದು: ಬಸವಣ್ಣನವರ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಅವರು ತಡೆಯಲಿಲ್ಲ; ತಾಯಿಯಿಲ್ಲದೆ ಕರುಗಳು ಕೂಗುತ್ತವೆಂದು ಕರುಗಳನ್ನೂ ಕಳ್ಳರಿಗೆ ಕೊಟ್ಟು ಕಳುಹಿಸಿದರೆಂದು ಪುರಾಣಗಳು ಹೇಳುತ್ತವೆ. ಅಪಕಾರಿಯನ್ನು ತಡೆಯದಿರುವುದೇ ಶರಣರ ನಡೆಯಲ್ಲವೇ? ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ಹೋದ ಹಸುಗಳು ಯಾರವು? ಅವು ಬಸವಣ್ಣನವರ ಸ್ವಂತ ಹಸುಗಳು. ನನ್ನ ಹಸುವನ್ನು ನಾನು ಬಿಟ್ಟುಕೊಡಬಹುದು, ನನ್ನ ಕೆನ್ನೆಗೆ ಬಿದ್ದ ಪೆಟ್ಟನ್ನು ನಾನು ಕ್ಷಮಿಸಬಹುದು. ಪರರ ತಲೆಗೆ ಬೀಳುವ ಪೆಟ್ಟನ್ನು ಕ್ಷಮಿಸಲು ನನಗೆ ಅಧಿಕಾರ ಕೊಟ್ಟವರಾರು? ಅನ್ಯನ ನೋವನ್ನು ಕಂಡು ‘ನಾನು ಶಾಂತಿಪ್ರಿಯ’ ಎಂದು ದಾಟಿಹೋಗುವವನು, ತನ್ನದಲ್ಲದ ಧನವನ್ನು ದಾನ ಮಾಡಿ ಪುಣ್ಯವಂತನೆನಿಸಿಕೊಳ್ಳುವವನಂತೆ. ಡರ್ಬನ್ನಿನಲ್ಲಿಯೂ ಇದೇ ಭೇದವು ಕಾಣುತ್ತದೆ. ಹೊಡೆದವರ ಮೇಲೆ ಖಟ್ಲೆ ಹೂಡಲು ನಾತಾಳದ ಸರಕಾರವು ಸಿದ್ಧವಿದ್ದರೂ ಗಾಂಧಿಯವರು ಒಲ್ಲೆನೆಂದರು. ಅದು ಅವರ ಹಸು. ಬಿಟ್ಟುಕೊಡುವ ಹಕ್ಕು ಅವರಿಗಿತ್ತು. ಕೊಡೆ ಹಿಡಿದವಳಿಗೆ ಆ ಹಕ್ಕು ಇರಲಿಲ್ಲ, ಆಕೆ ಅದನ್ನು ಬಳಸಲೂ ಇಲ್ಲ.

ಬಲಪ್ರಯೋಗವು ಎಂದಿಗೂ ಕೂಡದೆಂದು ನಾನು ಹೇಳುತ್ತಿಲ್ಲ. ಕಲ್ಯಾಣದಲ್ಲಿ ಅನರ್ಥವಾಗಿ ಶರಣರು ಚದುರಿದಾಗ, ಚೆನ್ನಬಸವಣ್ಣನವರೂ ಅಕ್ಕನಾಗಮ್ಮನವರೂ ವಚನಗಳ ಕಟ್ಟುಗಳೊಡನೆ ಉಳವಿಯ ಕಡೆಗೆ ನಡೆದರು; ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಿದೇವರು ಆಯುಧ ಹಿಡಿದು ತಡೆದರೆಂಬುದು ನಮ್ಮ ಪರಂಪರೆ. ಅಲ್ಲಿ ಹಿಂದೆ ಹೆಣ್ಣುಮಕ್ಕಳೂ ಮುದುಕರೂ ಇದ್ದರು, ಮುಂದೆ ಕತ್ತಿಗಳಿದ್ದವು, ಸಂದೇಹಕ್ಕೆ ಎಡೆಯಿರಲಿಲ್ಲ. ಮಾಚಿದೇವರು ತಡೆದು ನಿಂತರೆಂದು ಹೇಳುತ್ತಾರೆಯೇ ಹೊರತು ಬಿಜ್ಜಳನ ಊರುಗಳನ್ನು ಸುಡಲು ಹೊರಟರೆಂದು ಯಾರೂ ಹೇಳುವುದಿಲ್ಲ. ರಕ್ಷಣೆಗೆ ಎತ್ತಿದ ಕೈ ರಕ್ಷಣೆಯಾದೊಡನೆ ಇಳಿಯಬೇಕು. ಇಳಿಯದಿದ್ದರೆ ಅದನ್ನು ಎತ್ತಿದ್ದು ದಯೆಯಲ್ಲ, ಕ್ರೋಧ. ಕ್ರೋಧವನ್ನು ಮನೆಯೊಳಗೆ ಹೊತ್ತಿದ ಕಿಚ್ಚಿಗೆ ಬಸವಣ್ಣನವರು ಹೋಲಿಸಿರುವುದು ಎಲ್ಲರಿಗೂ ಗೊತ್ತಿದೆ. ಬೀದಿಯ ಜಗಳಕ್ಕೆ ಓಡುವವರಲ್ಲಿ ಬಿದ್ದವನನ್ನು ನೋಡಿ ಓಡುವವರು ಕೆಲವರು, ಬಡಿಯುವವನನ್ನು ನೋಡಿ ಓಡುವವರು ಹಲವರು. ಎರಡನೆಯವರಿಗೆ ಒಳಗೆ ಮೊದಲೇ ಒಂದು ಹಸಿವಿರುತ್ತದೆ. ನ್ಯಾಯವಾದ ಕಾರಣ ದೊರಕಿದುದು ಅವರಿಗೆ ಹಬ್ಬವಿದ್ದಂತೆ.

ಇನ್ನು, ನೋಡುತ್ತ ನಿಲ್ಲುವವರ ವಿಚಾರ. ನಮ್ಮ ಪಾಠಶಾಲೆಯಲ್ಲಿ ಸಭಾಪರ್ವವನ್ನು ಹೇಳುವಾಗ, ಭೀಷ್ಮನು ಏಕೆ ಸುಮ್ಮನಿದ್ದನೆಂದು ಕೇಳದ ವಿದ್ಯಾರ್ಥಿವರ್ಗವೇ ಇಲ್ಲ. ದ್ರೌಪದಿಯ ಸೀರೆಗೆ ಕೈಹಾಕಿದವನು ಒಬ್ಬ. ಸಭೆಯಲ್ಲಿ ಕುಳಿತ ಶೂರರು ಅನೇಕರು. ಎದ್ದು ನ್ಯಾಯದ ಮಾತನ್ನಾಡಿದವನು ಕೌರವರಲ್ಲಿಯೇ ಕಿರಿಯನಾದ ವಿಕರ್ಣ. ಅಂಥ ಸಭೆಯ ಪಾಪವನ್ನು ವಿದುರನು ಲೆಕ್ಕ ಹಾಕಿ ಹಂಚುತ್ತಾನೆ: ಅರ್ಧವು ಸಭೆಯ ಮುಖ್ಯನಿಗೆ, ಕಾಲುಭಾಗ ಮಾಡಿದವನಿಗೆ, ಉಳಿದ ಕಾಲುಭಾಗ ನಿಂದ್ಯವಾದುದನ್ನು ಕಂಡೂ ನಿಂದಿಸದ ಸಭಾಸದರಿಗೆ. ಮಾಡಿದವನಿಗೂ ಬಾಯಿ ಮುಚ್ಚಿದವರಿಗೂ ಸಮಭಾಗವೆಂಬುದು ಬೆರಗುಗೊಳಿಸುವ ಲೆಕ್ಕ. ಆದರೆ ಮನುಷ್ಯನು ಯಾವ ಲೆಕ್ಕದಲ್ಲಿಯೂ ತನಗೊಂದು ಉಪಾಯವನ್ನು ಹುಡುಕುತ್ತಾನೆ. ಆ ಕಾಲುಭಾಗವನ್ನು ನೂರು ಜನ ಹಂಚಿಕೊಂಡರೆ ನನ್ನ ಪಾಲಿಗೆ ಬರುವುದೆಷ್ಟು? ಗುಂಪು ದೊಡ್ಡದಾದಷ್ಟೂ ನನ್ನ ಪಾಲು ಚಿಕ್ಕದು!

ಈ ಮನೋಧರ್ಮವನ್ನು ಅಮೇರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಡಾರ್ಲಿ ಮತ್ತು ಲಟಾನೆ ಎಂಬವರು, 1968ರಲ್ಲಿ ಪರೀಕ್ಷಿಸಿ ತೋರಿಸಿದರು. 1964ರ ಮಾರ್ಚಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಬ್ಬ ತರುಣಿಯು ತನ್ನ ಮನೆಯ ಬಳಿಯಲ್ಲೇ ಕೊಲೆಯಾದಾಗ, ಮೂವತ್ತೆಂಟು ಜನ ನೋಡುತ್ತಿದ್ದರೂ ಯಾರೂ ನೆರವಾಗಲಿಲ್ಲವೆಂದು ಪತ್ರಿಕೆಗಳು ಬರೆದಿದ್ದವು. ಆ ವರದಿಯು ಬಹಳ ಅತಿಶಯೋಕ್ತಿಯಿಂದ ಕೂಡಿದುದೆಂದು ಅನಂತರ ಗೊತ್ತಾಯಿತು. ಒಬ್ಬನು ಕಿಟಕಿಯಿಂದ ಗದರಿಸಿದ್ದನು, ಒಬ್ಬ ನೆರೆಯಾಕೆ ಇಳಿದುಬಂದು ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದಿದ್ದಳು. ಆದರೂ ಆ ವರದಿಯಿಂದ ಹುಟ್ಟಿದ ಪರೀಕ್ಷೆಯು ಉಪಯುಕ್ತವಾದುದು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಯಂತ್ರದ ಮೂಲಕ ಮಾತಾಡುತ್ತಿದ್ದ ವಿದ್ಯಾರ್ಥಿಗಳಿಗೆ, ಅವರಲ್ಲೊಬ್ಬನಿಗೆ ಮೂರ್ಛೆರೋಗ ಬಂದಂತೆ ಕೇಳಿಸಲಾಯಿತು. ಕೇಳುವವನು ತಾನೊಬ್ಬನೇ ಎಂದು ತಿಳಿದವರಲ್ಲಿ ನೂರಕ್ಕೆ 85 ಜನ ರೋಗಿಯ ಕೂಗು ನಿಲ್ಲುವ ಮುನ್ನವೇ ನೆರವಿಗೆದ್ದರು. ಇನ್ನೊಬ್ಬನೂ ಕೇಳುತ್ತಿದ್ದಾನೆಂದು ತಿಳಿದವರಲ್ಲಿ 62. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ 31. ಏಳದವರು ನಿರ್ದಯರೂ ಆಗಿರಲಿಲ್ಲ. ಅವರಲ್ಲಿ ಹಲವರ ಕೈ ನಡುಗುತ್ತಿತ್ತಂತೆ. ಬೇರೆ ಯಾರೋ ಹೋಗಿರಬಹುದೆಂದು ಕುಳಿತರು, ಅಷ್ಟೆ.

ಆದರೆ ಇದರಿಂದ ಮನುಷ್ಯಜಾತಿಯನ್ನೇ ಹಳಿಯುವುದು ಸಲ್ಲದು. ಆಮ್‌ಸ್ಟರ್ಡ್ಯಾಮ್, ಕೇಪ್‌ಟೌನ್ ಮತ್ತು ಇಂಗ್ಲೆಂಡಿನ ಲಂಕಾಸ್ಟರ್ ನಗರಗಳ ಬೀದಿಗಳಲ್ಲಿ ಇಟ್ಟ ಕ್ಯಾಮೆರಾಗಳು ಹಿಡಿದ 219 ನಿಜವಾದ ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಕೆಲವು ವಿದ್ವಾಂಸರು ವರದಿ ಮಾಡಿದರು. ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ನೋಡುತ್ತಿದ್ದವರಲ್ಲಿ ಒಬ್ಬನಾದರೂ ನಡುವೆ ಬಂದಿದ್ದನು. ಜನ ಹೆಚ್ಚಿದ್ದಲ್ಲಿ ಯಾರಾದರೊಬ್ಬರು ಬರುವ ಸಂಭವವೂ ಹೆಚ್ಚಾಗಿತ್ತು. ಆದುದರಿಂದ ಗುಂಪು ನಮ್ಮನ್ನು ಮಂಕುಗೊಳಿಸಲೂ ಬಲ್ಲದು, ಒಬ್ಬನು ಎದ್ದರೆ ಇನ್ನೊಬ್ಬನನ್ನು ಎಬ್ಬಿಸಲೂ ಬಲ್ಲದು. ಮೊದಲು ಏಳುವವನು ಯಾರು ಎಂಬುದೇ ತೊಡಕು. ತನ್ನ ಊಟವನ್ನು ಇನ್ನೊಬ್ಬನಿಂದ ಉಣಿಸಿ ತೃಪ್ತಿ ಹೊಂದಲಾಗದಂತೆ, ತನ್ನ ಲಿಂಗಪೂಜೆಯನ್ನೂ ಇನ್ನೊಬ್ಬನ ಕೈಯಿಂದ ಮಾಡಿಸಲಾಗದೆಂಬುದು ಬಸವಣ್ಣನವರ ಉಪದೇಶ. ಇಷ್ಟಲಿಂಗವು ಒಬ್ಬೊಬ್ಬರ ಕರಸ್ಥಲಕ್ಕೆ ಬೇರೆ ಬೇರೆಯಾಗಿಯೇ ಬಂದಿದೆ. ಪೂಜೆಯನ್ನು ಪಾಲು ಹಚ್ಚಲು ಒಪ್ಪದ ಧರ್ಮವು ದಯೆಯನ್ನು ಪಾಲು ಹಚ್ಚಲು ಒಪ್ಪೀತೇ?

ಕಾಯಿದೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ‘ಪೋಲೀಸರ ಉಪದ್ರವ ಬೇಡ’ ಎಂಬುದು ನಮ್ಮ ಜನರ ಬಾಯಲ್ಲಿ ಸಿದ್ಧವಾಗಿರುವ ಮಾತು. ತನ್ನ ದೇಹವನ್ನಷ್ಟೇ ಅಲ್ಲದೆ ಬೇರೆ ಯಾವನ ದೇಹವನ್ನಾದರೂ ಆಕ್ರಮಣದಿಂದ ರಕ್ಷಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು 1860ರ ದಂಡ ಸಂಹಿತೆಯ 97ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 35ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಕೂಡದು, ಅಧಿಕಾರಿಗಳ ನೆರವನ್ನು ಪಡೆಯಲು ವೇಳೆಯಿದ್ದರೆ ತಾನೇ ಕೈಮಾಡಕೂಡದು ಎಂಬ ಮಿತಿಗಳೂ ಇವೆ. ಮಾಚಿದೇವರ ಕೈ ಇಳಿಯಬೇಕಾದ ಸ್ಥಾನವನ್ನು ಕಾಯಿದೆಯೂ ಗುರುತಿಸಿದೆಯೆನ್ನಬಹುದು. ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ, ಆಪತ್ತಿನಲ್ಲಿರುವವನಿಗೆ ನೆರವಾಗದೆ ಹೋಗುವುದೇ ದಂಡಾರ್ಹವಾದ ಅಪರಾಧ. ಆದರೆ ಅಲ್ಲಿಯೂ, ತನಗೆ ಅಪಾಯವಿಲ್ಲದಂತೆ ಮಾಡಬಹುದಾದ ನೆರವನ್ನು ಮಾತ್ರ ಕಾಯಿದೆಯು ಬೇಡುತ್ತದೆ. ಪ್ರಾಣ ಕೊಡೆಂದು ಯಾವ ದೇಶದ ಕಾಯಿದೆಯೂ ದಾರಿಹೋಕನಿಗೆ ಹೇಳುವುದಿಲ್ಲ.

ಧರ್ಮವು ಹೇಳುತ್ತದೆಯೇ? 1931ರ ಮಾರ್ಚಿನಲ್ಲಿ, ಭಗತ್‌ಸಿಂಗರಿಗೆ ಗಲ್ಲಾದ ಮರುದಿನ, ಕಾನಪುರದಲ್ಲಿ ಹಿಂದೂ ಮುಸಲ್ಮಾನರ ನಡುವೆ ಘೋರವಾದ ದಂಗೆ ಎದ್ದಿತು. ‘ಪ್ರತಾಪ’ ಪತ್ರಿಕೆಯ ಸಂಪಾದಕರಾದ ಗಣೇಶ ಶಂಕರ ವಿದ್ಯಾರ್ಥಿಯವರು ಬೀದಿಗಿಳಿದು, ಹಿಂದೂಗಳ ಓಣಿಯಲ್ಲಿ ಸಿಕ್ಕಿಬಿದ್ದ ಮುಸಲ್ಮಾನರನ್ನೂ ಮುಸಲ್ಮಾನರ ಓಣಿಯಲ್ಲಿ ಸಿಕ್ಕಿಬಿದ್ದ ಹಿಂದೂಗಳನ್ನೂ ಬಿಡಿಸಿ ಸುರಕ್ಷಿತ ಸ್ಥಳಕ್ಕೆ ಮುಟ್ಟಿಸಿದರು. ಮಾರ್ಚ್ 25ರಂದು ಅದೇ ಕಾರ್ಯದಲ್ಲಿ ಗುಂಪಿನ ಕೈಯಲ್ಲಿ ಮಡಿದರು. ಆಗ ಅವರ ವಯಸ್ಸು ನಾಲ್ವತ್ತು. ಅವರೂ ಮಡದಿಮಕ್ಕಳುಳ್ಳ ಗೃಹಸ್ಥರೇ. ಅವರ ಮುಂದೆ ತಲೆಬಾಗದವರಾರು? ಆದರೆ ಅವರ ಮರಣವನ್ನು ತೋರಿಸಿ ಇನ್ನೊಬ್ಬ ಗೃಹಸ್ಥನಿಗೆ ‘ನೀನೂ ಹಾಗೆ ಸಾಯಿ’ ಎಂದು ಹೇಳುವ ಅಧಿಕಾರವು ನನಗಾಗಲಿ, ಯಾವ ಉಪದೇಶಕನಿಗಾಗಲಿ ಇದೆಯೆಂದು ನಾನು ಒಪ್ಪಲಾರೆ. ಮತ್ತೊಬ್ಬನ ಪ್ರಾಣವನ್ನು ಪಣವಿಡಿಸುವ ಉಪದೇಶವು ಅಗ್ಗದ್ದು. ಅಂಥ ತ್ಯಾಗವನ್ನು ಮಾಡುವವನು ತನ್ನ ಮೇಲೆ ತಾನೇ ಹೇರಿಕೊಳ್ಳುತ್ತಾನೆ. ಅದು ವ್ರತ, ವಿಧಿಯಲ್ಲ. ವಿಧಿಯು ಅಷ್ಟು ಎತ್ತರದ್ದಲ್ಲ, ಆದರೆ ಅದರಿಂದ ಬಿಡುಗಡೆಯೂ ಇಲ್ಲ: ಕಂಡ ಮೇಲೆ ಕಾಣದವನಂತೆ ಹೋಗಬಾರದು. ಮಗುವನ್ನು ಎತ್ತಿಕೊಂಡ ತಾಯಿಯೂ ದೂರ ನಿಂತು ಗಟ್ಟಿಯಾಗಿ ಕೂಗಬಲ್ಲಳು. ಮುದುಕನೂ ಅಂಗಡಿಯವರನ್ನು ಹೆಸರು ಹಿಡಿದು ಕರೆಯಬಲ್ಲನು. ಎಲ್ಲರನ್ನೂ ಕರೆದರೆ ಯಾರೂ ಬಾರರು, ಹೆಸರು ಹಿಡಿದು ಒಬ್ಬನನ್ನು ಕರೆದರೆ ಅವನು ಬರುತ್ತಾನೆ. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಫೋನಿದೆ, 112 ಎಂಬ ಸಂಖ್ಯೆಯನ್ನು ಒತ್ತಲು ಪೌರುಷ ಬೇಕಾಗಿಲ್ಲ. ಅದೇ ಫೋನನ್ನು ಎತ್ತಿ ಹಿಡಿದು ಚಿತ್ರ ತೆಗೆಯುತ್ತ ನಿಲ್ಲುವವರನ್ನು ಕುರಿತು ಏನು ಹೇಳಬೇಕೋ ನನಗೆ ತೋಚದು. ಮೊದಲು ಕರೆದು, ಆಮೇಲೆ ನ್ಯಾಯಾಲಯಕ್ಕೆ ಸಾಕ್ಷ್ಯವಾಗಲೆಂದು ತೆಗೆದರೆ ಅದೂ ಒಂದು ನೆರವೇ. ಬರಿಯ ತಮಾಷೆಗಾಗಿ ತೆಗೆಯುವುದು ದುಶ್ಶಾಸನನ ಸಭೆಗೆ ಇನ್ನಷ್ಟು ಆಸನಗಳನ್ನು ಹಾಕಿದಂತೆ.

ಸಾಕ್ಷ್ಯವೆಂದಾಗ ಇನ್ನೊಂದು ಮಾತು. ಬಿಡಿಸಿದೊಡನೆ ಕೆಲಸ ಮುಗಿಯಿತೆಂದು ನಮ್ಮವರು ಮನೆಗೆ ಹೋಗಿಬಿಡುತ್ತಾರೆ. ಕೋರ್ಟಿನ ಕರೆ ಬಂದಾಗ, ತಾವು ಅಂದು ಊರಲ್ಲೇ ಇರಲಿಲ್ಲವೆನ್ನುತ್ತಾರೆ. ಬಡಿದವರು ಬಿಡುಗಡೆ ಹೊಂದಿ ಅದೇ ಬೀದಿಗೆ ಬರುತ್ತಾರೆ. ಸಾಕ್ಷಿಗಳಿಗೆ ಭಯವಿದ್ದರೆ ರಕ್ಷಣೆ ಕೊಡಬೇಕೆಂಬ ಯೋಜನೆಯನ್ನು 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿದೆ. ಬೀದಿಯಲ್ಲಿ ಕ್ಷಣಮಾತ್ರ ಬೇಕಾಗುವ ಧೈರ್ಯಕ್ಕಿಂತ, ನಾಲ್ಕು ವರ್ಷಗಳ ಅನಂತರ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವು ನನಗೆ ಹೆಚ್ಚಿನದೆಂದು ತೋರುತ್ತದೆ. ಅಲ್ಲಿ ಹೊಗಳುವವರೂ ಇರುವುದಿಲ್ಲ, ರಕ್ತವೂ ಬಿಸಿಯಾಗಿರುವುದಿಲ್ಲ.

ಗೃಹಸ್ಥನ ಮೊದಲ ಭಯಕ್ಕೆ, ಎಂದರೆ ಮನೆಯವರನ್ನು ಕೇಳದೆ ಅವರ ಬಾಳನ್ನು ಪಣವಿಡುವ ಭಯಕ್ಕೆ, ಉತ್ತರವು ಮನೆಯಲ್ಲಿಯೇ ಇದೆ. ಕೇಳದೆ ಏಕೆ ಒಡ್ಡಬೇಕು? ಮೊದಲೇ ಕೇಳಬಹುದಲ್ಲ. ಸತಿಪತಿಗಳ ಭಕ್ತಿಯು ಒಂದೇ ಆಗಿರಬೇಕೆಂದು ಜೇಡರ ದಾಸಿಮಯ್ಯನವರು ಬೋಧಿಸಿದ್ದು ಪೂಜೆಯ ಮನೆಗಷ್ಟೇ ಅನ್ವಯಿಸುವುದಿಲ್ಲ. ಮಗಳ ಮದುವೆಯ ಖರ್ಚನ್ನೂ ಹೊಲದ ಬಿತ್ತನೆಯನ್ನೂ ಕುಳಿತು ಮಾತಾಡುವ ದಂಪತಿಗಳು, ದಾರಿಯಲ್ಲಿ ಇಂಥದೊಂದು ಎದುರಾದರೆ ಯಾರು ಮಗುವನ್ನು ಎತ್ತಿಕೊಂಡು ಹಿಂದೆ ಸರಿಯುವುದು, ಯಾರು ಫೋನು ಮಾಡುವುದು, ಯಾರು ಎಷ್ಟು ಹತ್ತಿರ ಹೋಗುವುದು, ಕೋರ್ಟಿನ ಕರೆ ಬಂದರೆ ಹೋಗುವುದೋ ಇಲ್ಲವೋ ಎಂಬುದನ್ನು ಒಂದು ಸಂಜೆ ಊಟದ ಅನಂತರ ಮಾತಾಡಿಕೊಳ್ಳಬಹುದು. ‘ನೀವು ಹೋಗಬೇಡಿರಿ’ ಎಂದು ಮಡದಿ ಹೇಳಿಯಾಳೆಂದು ಅನೇಕ ಗಂಡಸರು ಮೊದಲೇ ತೀರ್ಮಾನಿಸಿ, ತಮ್ಮ ಅಂಜಿಕೆಗೆ ಅವಳ ಹೆಸರನ್ನು ಇಟ್ಟುಕೊಂಡಿರುತ್ತಾರೆ. ಕೇಳಿದರೆ ಅವಳು ಬೇರೆಯನ್ನೇ ಹೇಳಬಹುದು.